ವಾನರರು ಮತ್ತು ಎರಡು ಅಳತೆಗೋಲು

(ಮಾಸಿಕ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಇವತ್ತಿನ ವಿಷಯ ವಾನರರು. ಕರಪತ್ರದಲ್ಲಿ ಇದನ್ನು ನೋಡಿ ಇಬ್ಬರು ಮೂವರು ಫೋನ್ ಮಾಡಿ, "ಏನ್ ಸರ್, ಬಸವಣ್ಣನವರ ಗೋಷ್ಠಿಯಲ್ಲಿ ರಾಮಾಯಣವೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹನುಮಂತನ ಪೂಜೆಯ ಬಗ್ಗೆ ಮಾತನಾಡಲು ಬಂದಿಲ್ಲ. ಅಂಗದ ಮೇಲೆ ಲಿಂಗವಿರುವವರಿಗೆ ಇನ್ನೊಂದು ಗುಡಿ ಬೇಕೇ ಎಂಬ ಚರ್ಚೆಯನ್ನು ಇದೇ ಸಭೆಯಲ್ಲಿ ಎಷ್ಟೋ ಸಲ ಮಾಡಿದ್ದೇವೆ. ನಿಮ್ಮಲ್ಲಿ ಎಷ್ಟು ಜನ ಶನಿವಾರ ಹನುಮಪ್ಪನ ಗುಡಿಗೆ ಹೋಗುತ್ತೀರಿ ಎಂದು ಇವತ್ತು ಕೈ ಎತ್ತಿಸುವುದಿಲ್ಲ, ಹೆದರಬೇಡಿ.

ನನ್ನ ಪ್ರಶ್ನೆ ಬೇರೆ. ಕಾಡಿನಲ್ಲಿ ಬಾಳುವ ಒಂದು ಜನ. ಅವರಿಗೆ ಊರಿದೆ, ರಾಜನಿದ್ದಾನೆ, ಮಂತ್ರಿಗಳಿದ್ದಾರೆ, ಮಾತಿದೆ, ಯುದ್ಧ ಗೊತ್ತು, ಸೇತುವೆ ಕಟ್ಟುವುದೂ ಗೊತ್ತು. ಆ ಜನವನ್ನು ಕಥೆ ಕೋತಿ ಎಂದು ಕರೆಯುತ್ತದೆ. ಹಾಗೆ ಕರೆದ ಮೇಲೆ ಅವರಿಗೆ ಯಾವ ನ್ಯಾಯ ಸಿಗುತ್ತದೆ? ಇದು ಪುರಾಣದ ಪ್ರಶ್ನೆಯಂತೆ ಕಂಡರೂ ಪುರಾಣದ್ದಷ್ಟೇ ಅಲ್ಲ.

ಮೊದಲು ಹೆಸರನ್ನೇ ನೋಡೋಣ. 'ವನ'ಕ್ಕೆ ಸಂಬಂಧಪಟ್ಟವನು ವಾನರ. ವನದಲ್ಲಿರುವ ನರ ಎಂದು ಬಿಡಿಸುವವರೂ ಇದ್ದಾರೆ, 'ವಾ ನರಃ', ಅಂದರೆ ಇವನು ನರನೋ ಏನೋ ಎಂದು ಬಿಡಿಸುವವರೂ ಇದ್ದಾರೆ. ಈ ಎರಡನೆಯದು ವ್ಯಾಕರಣಕ್ಕಿಂತ ಚಮತ್ಕಾರವೇ ಹೆಚ್ಚು. ಆದರೆ ಆ ಚಮತ್ಕಾರದೊಳಗೆ ಒಂದು ಸಂಶಯ ಇದೆ, ಗಮನಿಸಿ: ಇವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬುದು. ವಾಲ್ಮೀಕಿ ಇವರಿಗೆ ಕಪಿ, ಹರಿ, ಪ್ಲವಂಗಮ, ಶಾಖಾಮೃಗ ಎಂಬ ಹೆಸರುಗಳನ್ನೂ ಬಳಸುತ್ತಾನೆ. ಶಾಖಾಮೃಗ ಎಂದರೆ ಕೊಂಬೆಯ ಮೇಲಿನ ಪ್ರಾಣಿ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ವಾನರರು ಬರೀ ಮನುಷ್ಯರು, ಬಾಲ ಗೀಲ ಎಲ್ಲ ಆಮೇಲೆ ಸೇರಿಸಿದ್ದು ಎಂದು ಒಂದೇ ಏಟಿಗೆ ಹೇಳಿಬಿಡುವವರು ನಮ್ಮ ವಿಚಾರವಾದಿ ಮಿತ್ರರಲ್ಲಿ ಇದ್ದಾರೆ. ಅಷ್ಟು ಸುಲಭವಲ್ಲ. ವಾಲ್ಮೀಕಿಯ ಕಾವ್ಯದಲ್ಲೇ ಬಾಲ ಇದೆ. ಹನುಮಂತನ ಬಾಲಕ್ಕೆ ಬೆಂಕಿ ಹಚ್ಚುವ ಪ್ರಸಂಗವಿಲ್ಲದೆ ಸುಂದರಕಾಂಡವೇ ಇಲ್ಲ. ದೇವತೆಗಳು ಬ್ರಹ್ಮನ ಮಾತಿನಂತೆ ವಾನರರನ್ನು ಹುಟ್ಟಿಸಿದರು ಎಂದು ಬಾಲಕಾಂಡ ಹೇಳುತ್ತದೆ. ಇದನ್ನು ಮರೆಮಾಚಿ ವಾದ ಮಾಡಿದರೆ ಎದುರಿನವರು ಪುಸ್ತಕ ತೆರೆದು ತೋರಿಸುತ್ತಾರೆ.

ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಸಾಕ್ಷ್ಯವೂ ಇದೆ, ಅದು ತೂಕದ್ದು. ಕಿಷ್ಕಿಂಧಾಕಾಂಡದ ಆರಂಭದಲ್ಲಿ ಹನುಮಂತ ಭಿಕ್ಷುವಿನ ವೇಷದಲ್ಲಿ ಬಂದು ರಾಮಲಕ್ಷ್ಮಣರನ್ನು ಮಾತನಾಡಿಸುತ್ತಾನೆ. ಆ ಮಾತು ಕೇಳಿ ರಾಮ ಬೆರಗಾಗುತ್ತಾನೆ. ಮೂರು ವೇದಗಳನ್ನು ಕಲಿಯದವನು ಹೀಗೆ ಮಾತನಾಡಲಾರ, ವ್ಯಾಕರಣವನ್ನು ಇವನು ಪೂರ್ತಿ ಓದಿರಬೇಕು, ಇಷ್ಟು ಹೊತ್ತು ಮಾತನಾಡಿದರೂ ಒಂದು ಅಪಶಬ್ದ ಬರಲಿಲ್ಲ ಎಂದು ತಮ್ಮನಿಗೆ ಹೇಳುತ್ತಾನೆ. ವಾಲಿ ಸತ್ತಾಗ ಅವನನ್ನು ಪಲ್ಲಕ್ಕಿಯಲ್ಲಿ ಒಯ್ದು ಚಿತೆಗೇರಿಸುತ್ತಾರೆ. ತಾರೆ ರಾಜನೀತಿ ಹೇಳುವಷ್ಟು ಬುದ್ಧಿವಂತೆ, ಅವಳ ವರ್ಣನೆ ರಾಣಿಯ ವರ್ಣನೆಯೇ. ಕೋಪದಿಂದ ಕಿಷ್ಕಿಂಧೆಯೊಳಕ್ಕೆ ಹೋದ ಲಕ್ಷ್ಮಣನಿಗೆ ಕಾಣುವುದು ಮರಗಳ ಮೇಲಿನ ಗೂಡುಗಳಲ್ಲ, ಅಂತಸ್ತುಗಳ ಮನೆಗಳು ಮತ್ತು ಅಗಲವಾದ ಬೀದಿಗಳು.

ಸುಂದರಕಾಂಡದ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಅಶೋಕವನದಲ್ಲಿ ಮರದ ಮೇಲೆ ಕುಳಿತ ಹನುಮಂತ ಸೀತೆಯೊಂದಿಗೆ ಯಾವ ಭಾಷೆಯಲ್ಲಿ ಮಾತನಾಡಲಿ ಎಂದು ಯೋಚಿಸುತ್ತಾನೆ. ದ್ವಿಜರಂತೆ ಸಂಸ್ಕೃತದಲ್ಲಿ ಮಾತನಾಡಿದರೆ ಇವಳು ನನ್ನನ್ನು ರಾವಣನೆಂದು ತಿಳಿದು ಹೆದರುತ್ತಾಳೆ, ಆದ್ದರಿಂದ ಜನ ಆಡುವ ಮಾತನ್ನೇ ಆಡುತ್ತೇನೆ ಎಂದು ತೀರ್ಮಾನಿಸುತ್ತಾನೆ. ಸಂಸ್ಕೃತ ಬಲ್ಲವನೇ, ಆದರೂ ನೊಂದವಳಿಗೆ ಧೈರ್ಯ ಹೇಳಲು ಬಳಸಿದ್ದು ಮನೆಮಾತು. ನಮ್ಮ ಶರಣರು ಕನ್ನಡವನ್ನು ಆರಿಸಿಕೊಂಡದ್ದು ಏಕೆ ಎಂದು ಮಕ್ಕಳಿಗೆ ವಿವರಿಸುವಾಗ ನಾನು ಈ ಕಥೆಯನ್ನೂ ಹೇಳುತ್ತೇನೆ. ಇಂಥ ವಿವೇಚನೆ ಉಳ್ಳವನನ್ನು ಪ್ರಾಣಿ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಇನ್ನು ನನ್ನ ಕಸುಬಿನ ಮಾತು. ಸಿವಿಲ್ ಇಂಜಿನಿಯರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಕೆಲಸ ಮಾಡಿದವನು ಸೇತುವೆಯ ಸುದ್ದಿ ಬಂದಾಗ ಸುಮ್ಮನಿರುವುದು ಕಷ್ಟ. ಯುದ್ಧಕಾಂಡದಲ್ಲಿ ನಳ ಕಟ್ಟಿದ ಸೇತುವೆಯ ದಿನವಾರು ಪ್ರಗತಿ ವರದಿ ಇದೆ. ನಮ್ಮ ಕಡೆ ಪ್ರಚಾರದಲ್ಲಿರುವ ಪಾಠದ ಪ್ರಕಾರ ಮೊದಲ ದಿನ 14 ಯೋಜನ, ಎರಡನೆಯ ದಿನ 20, ಮೂರನೆಯ ದಿನ 21, ನಾಲ್ಕನೆಯ ದಿನ 22, ಐದನೆಯ ದಿನ 23. ಕೂಡಿಸಿ ನೋಡಿ, ಸರಿಯಾಗಿ 100. ಮೊದಲ ದಿನ ಕಡಿಮೆ, ಕೈ ಕುದುರಿದ ಮೇಲೆ ಜಾಸ್ತಿ. ಇದನ್ನು ಬರೆದವನು ಎಲ್ಲೋ ಕೆಲಸದ ಜಾಗದಲ್ಲಿ ನಿಂತು ನೋಡಿದವನೇ ಇರಬೇಕು ಎಂದು ನನಗೆ ಅನ್ನಿಸಿದೆ. ನಮ್ಮ ಗುತ್ತಿಗೆದಾರರ ವರದಿಯಲ್ಲಿ ಈ ಅಂಕಿ ಸಾಮಾನ್ಯವಾಗಿ ತಿರುಗುಮುರುಗಾಗಿರುತ್ತದೆ!

ಯೋಜನ ಎಂದರೆ ಎಷ್ಟು ಮೈಲಿ, ಆ ಸೇತುವೆ ಇವತ್ತು ಸಮುದ್ರದಲ್ಲಿ ಇದೆಯೋ ಇಲ್ಲವೋ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಕವಿ ಕೊಡುವ ವಿವರಗಳನ್ನಷ್ಟೇ ನೋಡಿ. ಕೆಲವರು ಅಳತೆಯ ಹಗ್ಗ ಹಿಡಿದು ನಿಂತಿದ್ದರು, ಕೆಲವರು ಅಳತೆಯ ಕೋಲು ಹಿಡಿದಿದ್ದರು, ಆನೆ ಗಾತ್ರದ ಬಂಡೆಗಳನ್ನು ಯಂತ್ರಗಳಿಂದ ಸಾಗಿಸಿದರು ಎನ್ನುತ್ತಾನೆ. ಹಗ್ಗ ಹಿಡಿದು ನೇರ ನೋಡುವ ಕೋತಿಯನ್ನು ನಾನಂತೂ ಯಾವ ಸೈಟಿನಲ್ಲೂ ಕಂಡಿಲ್ಲ. ಕೋತಿಗಳು ಸೈಟಿಗೆ ಬರುತ್ತಿದ್ದವು. ಊಟದ ಡಬ್ಬಿ ಒಯ್ಯುತ್ತಿದ್ದವು, ಅಷ್ಟೆ.

ನಳನ ಮಾತು ಇನ್ನೊಂದಿದೆ. ಈ ಕೆಲಸ ನಳನಿಗೆ ಬರುತ್ತದೆ ಎಂದು ರಾಮನಿಗೆ ತಿಳಿಸುವವನು ಸಮುದ್ರರಾಜ. ಆಗ ನಳ ಎದ್ದು, ಹೌದು, ನಾನು ವಿಶ್ವಕರ್ಮನ ಮಗ, ಸೇತುವೆ ಕಟ್ಟಬಲ್ಲೆ, ಯಾರೂ ಕೇಳದೆ ನನ್ನ ಗುಣವನ್ನು ನಾನೇ ಹೇಗೆ ಹೇಳಿಕೊಳ್ಳಲಿ ಎನ್ನುತ್ತಾನೆ. ಅಷ್ಟು ದಿನ ಸೈನ್ಯದಲ್ಲೇ ಇದ್ದ ಮನುಷ್ಯ, ಸಮುದ್ರದ ದಡದಲ್ಲಿ ಎಲ್ಲರೂ ಕೈಕಟ್ಟಿ ನಿಂತಿದ್ದರು, ಆದರೂ ನಿನಗೇನು ಬರುತ್ತದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಕಲ್ಯಾಣದಲ್ಲಿ ಆದದ್ದು ಇದರ ತಿರುವು. ಹಗ್ಗ ಹೊಸೆಯುವ ನುಲಿಯ ಚಂದಯ್ಯನನ್ನು, ದೋಣಿ ನಡೆಸುವ ಚೌಡಯ್ಯನನ್ನು, ಚೆಲ್ಲಿದ ಅಕ್ಕಿ ಆಯುವ ಮಾರಯ್ಯ ಲಕ್ಕಮ್ಮರನ್ನು ಕರೆದು ಕೂರಿಸಿ, ನಿಮ್ಮ ಅನುಭಾವ ಏನು ಹೇಳಿ ಎಂದರು. ಹಗ್ಗ ಹೊಸೆಯುವವನು ಲಿಂಗದ ಬಗ್ಗೆ ಏನು ತಿಳಿದಿದ್ದಾನು ಎಂದು ಯಾರೂ ನಗಲಿಲ್ಲ.

ಈಗ ಈ 'ಕಪಿ' ಎಂಬ ಗುರುತು ಎಲ್ಲಿಂದ ಬಂತು ಎಂಬ ವಿಚಾರ. ಕನ್ನಡದವರು ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪ್ರಾಕೃತದಲ್ಲಿ ವಿಮಲಸೂರಿ ಬರೆದ ಜೈನ ರಾಮಾಯಣದ ದಾರಿಯಲ್ಲೇ ನಮ್ಮ ನಾಗಚಂದ್ರ 'ರಾಮಚಂದ್ರಚರಿತಪುರಾಣ' ಬರೆದ. ನಾವು ಪಂಪರಾಮಾಯಣ ಎನ್ನುವುದು ಅದನ್ನೇ. ಈ ಪರಂಪರೆಯಲ್ಲಿ ವಾನರರು ಕೋತಿಗಳಲ್ಲ, ವಿದ್ಯಾಧರರು. ಅವರ ಬಾವುಟದ ಮೇಲೆ, ಕಿರೀಟದ ಮೇಲೆ ಕಪಿಯ ಚಿಹ್ನೆ ಇತ್ತು, ಅದರಿಂದ ವಂಶಕ್ಕೆ ಆ ಹೆಸರು. ಅಲ್ಲಿ ವಾಲಿಯನ್ನು ರಾಮ ಕೊಲ್ಲುವುದೇ ಇಲ್ಲ. ವಾಲಿ ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ಪಡೆದು ತಪಸ್ಸಿಗೆ ಹೋಗುತ್ತಾನೆ. ಜೈನರಿಗೂ ಶರಣರಿಗೂ ಇದ್ದ ಜಟಾಪಟಿ ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಒಂದು ಜನಕ್ಕೆ ಬಾಲ ಅಂಟಿಸದೆ ಕಥೆ ಹೇಳಬಹುದು ಎಂದು ಅವರು ತೋರಿಸಿಕೊಟ್ಟರು, ಇದನ್ನು ಒಪ್ಪಿಕೊಳ್ಳಬೇಕು.

ಬಾವುಟದ ಈ ವಿವರಣೆ ಹುಚ್ಚು ಕಲ್ಪನೆಯಲ್ಲ. ಛೋಟಾನಾಗಪುರದ ಒರಾಂವ್ ಜನರ ಮಾತು ಕುಡುಖ್, ಅದು ನಮ್ಮ ಕನ್ನಡದ ಬಳಗದ್ದೇ ಭಾಷೆ. ಅವರ ಕುಲಗಳ ಹೆಸರು ಆಮೆ, ಮೀನು, ಭತ್ತ ಹೀಗೆ ಪ್ರಾಣಿ ಸಸ್ಯಗಳ ಮೇಲೆ ನಿಂತಿವೆ. ಕೋತಿಯ ಹೆಸರಿನ ಕುಲವೂ ಅವರಲ್ಲಿದೆ. ರಾಂಚಿಯಲ್ಲಿ ನೆಲೆಸಿ ರಾಮಕಥೆಯ ಮೇಲೆ ದೊಡ್ಡ ಸಂಶೋಧನೆ ಮಾಡಿದ ಫಾದರ್ ಕಾಮಿಲ್ ಬುಲ್ಕೆಯವರು ವಾನರರನ್ನು ಇಂಥ ಕುಲಚಿಹ್ನೆಯ ಬುಡಕಟ್ಟಿನವರೆಂದೇ ಅರ್ಥ ಮಾಡಿದರು. ನಮ್ಮಲ್ಲೂ ಬಳಿ, ಬೆಡಗು ಇಲ್ಲವೇ? ಆನೆ ಬೆಡಗಿನವರ ಮನೆಗೆ ಹೆಣ್ಣು ಕೇಳಲು ಹೋದಾಗ ಸೊಂಡಿಲು ಎಲ್ಲಿ ಎಂದು ಯಾರೂ ಹುಡುಕುವುದಿಲ್ಲ.

ದಕ್ಷಿಣದ ಮೂಲನಿವಾಸಿಗಳನ್ನು ಉತ್ತರದವರು ಕೋತಿ ಎಂದು ಕರೆದರು ಎಂಬ ಅರ್ಥದಲ್ಲಿ ವಿವೇಕಾನಂದರೂ ಅಮೆರಿಕದ ಉಪನ್ಯಾಸವೊಂದರಲ್ಲಿ ಮಾತನಾಡಿದ್ದಾರೆ. ವಾನರರೆಂದರೆ ದ್ರಾವಿಡರು ಎಂದು ಗೆರೆ ಎಳೆದು ಹೇಳುವ ವಾದ ಆಮೇಲೆ ಬಹಳ ಬೆಳೆಯಿತು. ನನಗೆ ಆ ಗೆರೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ಕಾವ್ಯದ ಪಾತ್ರಕ್ಕೆ ಜನಾಂಗದ ಪ್ರಮಾಣಪತ್ರ ಕೊಡುವುದು ತಹಸೀಲ್ದಾರರಿಂದಲೂ ಆಗದ ಕೆಲಸ.

ಸರಿ, ಅಸಲು ವಿಷಯಕ್ಕೆ ಬರುತ್ತೇನೆ. ವಾಲಿಯ ವಧೆ.

ಕಿಷ್ಕಿಂಧಾಕಾಂಡದ 17 ಮತ್ತು 18ನೆಯ ಸರ್ಗ. ಮನೆಯಲ್ಲಿ ಅನುವಾದ ಇದ್ದವರು ದಯವಿಟ್ಟು ಓದಿ, ನಾನು ಹೇಳಿದೆನೆಂದು ನಂಬಬೇಡಿ. ವಾಲಿ ತಮ್ಮನೊಂದಿಗೆ ಸೆಣಸುತ್ತಿದ್ದಾನೆ. ಮರೆಯಲ್ಲಿ ನಿಂತ ರಾಮನ ಬಾಣ ಬಂದು ಬೀಳುತ್ತದೆ. ನೆಲಕ್ಕುರುಳಿದ ವಾಲಿ ಕೇಳುವ ಪ್ರಶ್ನೆಗಳು ಒಬ್ಬ ಒಳ್ಳೆಯ ವಕೀಲ ಕೇಳುವಂಥವು. ನಿನ್ನ ನಾಡಿನಲ್ಲಿ ನಾನು ಯಾವ ತಪ್ಪು ಮಾಡಿದೆ? ಬೇರೆಯವನೊಂದಿಗೆ ಹೋರಾಡುತ್ತಿದ್ದವನನ್ನು ಕಣ್ಣಿಗೆ ಬೀಳದೆ ನಿಂತು ಹೊಡೆಯುವುದು ಯಾವ ಕ್ಷತ್ರಿಯಧರ್ಮ? ಪ್ರಾಣಿಯೆಂದು ಬೇಟೆಯಾಡಿದೆ ಎನ್ನುವೆಯಾ? ನನ್ನ ಚರ್ಮ, ಮೂಳೆ ನಿಮಗೆ ಬಾರದು, ಐದು ಉಗುರಿನ ಪ್ರಾಣಿಗಳಲ್ಲಿ ನೀವು ತಿನ್ನಬಹುದಾದ ಐದರ ಪಟ್ಟಿಯಲ್ಲಿ ಕೋತಿ ಇಲ್ಲ. ಹಾಗಾದರೆ ನನ್ನನ್ನು ಯಾವ ಕಾರಣಕ್ಕೆ ಕೊಂದೆ?

ರಾಮನ ಉತ್ತರ ಎರಡು ಭಾಗವಾಗಿ ಬರುತ್ತದೆ. ಮೊದಲ ಭಾಗ ಧರ್ಮದ್ದು. ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ಭರತ ಆಳುತ್ತಿದ್ದಾನೆ, ಅವನ ಪರವಾಗಿ ನಾವು ದುಷ್ಟರನ್ನು ಶಿಕ್ಷಿಸುತ್ತೇವೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ, ಅದಕ್ಕೆ ವಧೆಯೇ ದಂಡ. ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ ಎಂಬುದೂ ಸೇರುತ್ತದೆ. ಈ ವಾದವನ್ನು ಒಪ್ಪಿ ಅಥವಾ ಬಿಡಿ, ಇದು ಮನುಷ್ಯರ ಮೇಲೆ ಹೊರಿಸುವ ಆರೋಪ. ಕಾಡಿನ ಕೋತಿಯ ಮೇಲೆ ವ್ಯಭಿಚಾರದ ಮೊಕದ್ದಮೆ ಹೂಡುವವರುಂಟೇ?

ಆಮೇಲೆ ಮರೆಯಲ್ಲಿ ನಿಂತು ಹೊಡೆದದ್ದಕ್ಕೆ ಉತ್ತರ ಕೊಡಬೇಕಲ್ಲ. ಆಗ ಎರಡನೆಯ ಭಾಗ. ಜನ ಬಲೆ ಬೀಸಿ, ಪಾಶ ಒಡ್ಡಿ, ಮರೆಯಲ್ಲಿ ಅಡಗಿ ಮೃಗಗಳನ್ನು ಹಿಡಿಯುತ್ತಾರೆ, ಧರ್ಮ ಬಲ್ಲ ರಾಜರೂ ಬೇಟೆಯಾಡುತ್ತಾರೆ. ನೀನು ಹೋರಾಡುತ್ತಿದ್ದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ, ಏಕೆಂದರೆ ನೀನು ಶಾಖಾಮೃಗ.

ಇಲ್ಲೇ ನನ್ನ ತಕರಾರು. ಇಂಜಿನಿಯರಿಂಗಿನಲ್ಲಿ ಒಂದು ಗೋಡೆಯನ್ನು ಒಂದು ಪುಟದಲ್ಲಿ ಅಡಿಯಲ್ಲಿ, ಇನ್ನೊಂದು ಪುಟದಲ್ಲಿ ಮೀಟರಿನಲ್ಲಿ ಅಳೆದು, ಯಾವ ಅಂಕಿ ನಮಗೆ ಅನುಕೂಲವೋ ಅದನ್ನು ಬಿಲ್ಲಿಗೆ ತೆಗೆದುಕೊಂಡರೆ ಆಡಿಟ್‌ನವರು ಬಿಡುವುದಿಲ್ಲ. ಶಿಕ್ಷೆ ಕೊಡುವುದಕ್ಕೆ ವಾಲಿ ಮನುಷ್ಯ. ಧರ್ಮ ತಿಳಿದಿರಬೇಕಾದವನು, ಇಕ್ಷ್ವಾಕುಗಳ ಪ್ರಜೆ. ಆದರೆ ಮನುಷ್ಯನಿಗೆ ಸಲ್ಲಬೇಕಾದ ವಿಚಾರಣೆ, ಎದುರಾಎದುರು ಯುದ್ಧ, ಇವು ಕೊಡಬೇಕಾಗಿ ಬಂದಾಗ ಅವನು ಪ್ರಾಣಿ. ಹೊಣೆಗೆ ಒಂದು ಕೋಲು, ಹಕ್ಕಿಗೆ ಇನ್ನೊಂದು ಕೋಲು. ಕಾವ್ಯದಲ್ಲಿ ಕೊನೆಗೆ ವಾಲಿ ರಾಮನ ಮಾತನ್ನು ಒಪ್ಪಿ, ಮಗ ಅಂಗದನನ್ನು ಒಪ್ಪಿಸಿ ಸಾಯುತ್ತಾನೆ, ಅದೂ ನಿಜ. ಅವನು ಒಪ್ಪಿದನೆಂದು ಅಳತೆ ಸರಿಯಾಗುವುದಿಲ್ಲ.

ರಾಮಭಕ್ತರಾದ ಕವಿಗಳಿಗೇ ಇದು ಚುಚ್ಚಿದೆ. ತುಳಸೀದಾಸರಲ್ಲಿ ವಾಲಿ, ಬೇಡನ ಹಾಗೆ ಕೊಂದೆಯಲ್ಲ ಎಂದು ಕೇಳುತ್ತಾನೆ. ರಾಮ ತಮ್ಮನ ಹೆಂಡತಿಯ ವಿಚಾರವನ್ನಷ್ಟೇ ಹೇಳುತ್ತಾನೆ, ನೀನು ಪ್ರಾಣಿ ಎಂಬ ವಾದವನ್ನು ಬಿಟ್ಟಿದ್ದಾನೆ. ಇನ್ನೂ ಮುಂದೆ ಹೋದವನು ತಮಿಳಿನ ಕಂಬ, ಸಾಮಾನ್ಯವಾಗಿ ನಮ್ಮ ಶರಣರ ಕಾಲದವನೆಂದೇ ಹೇಳುತ್ತಾರೆ. ಅವನ ವಾಲಿಯೇ, ನಾವು ಕೋತಿಗಳು, ನಿಮ್ಮ ಮದುವೆಯ ಕಟ್ಟಳೆ ನಮಗಿಲ್ಲ ಎಂದು ವಾದಿಸುತ್ತಾನೆ. ಅದಕ್ಕೆ ರಾಮ, ಧರ್ಮ ಯಾವುದು ಅಧರ್ಮ ಯಾವುದು ಎಂದು ಬಲ್ಲವನು ಆಕಾರದಿಂದ ಪ್ರಾಣಿಯಾಗುವುದಿಲ್ಲ ಎನ್ನುತ್ತಾನೆ. ಜಟಾಯುವನ್ನು, ಗಜೇಂದ್ರನನ್ನು ಉದಾಹರಣೆ ಕೊಡುತ್ತಾನೆ. ಮರೆಯಲ್ಲಿ ನಿಂತದ್ದಕ್ಕೆ ಉತ್ತರ ಕೊಡುವ ಕಷ್ಟ ಅಲ್ಲಿ ಲಕ್ಷ್ಮಣನ ಪಾಲಿಗೆ ಬರುತ್ತದೆ, ಆ ಉತ್ತರ ನನಗೇನೂ ಸಮಾಧಾನ ತಂದಿಲ್ಲ. ಆದರೆ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವುದು ರೂಪವಲ್ಲ, ಅರಿವು ಎಂಬ ಮಾತು ಇದೆಯಲ್ಲ, ಅದು ನಮ್ಮ ಅಂಗಳದ್ದೇ ಮಾತು.

ನೀವು ಹಂಪಿಗೆ ಹೋದಾಗ ನಿಂಬಾಪುರದ ಹತ್ತಿರ ಒಂದು ದೊಡ್ಡ ಬೂದಿದಿಬ್ಬ ತೋರಿಸುತ್ತಾರೆ, ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಯಿಂದ ತೆಲಂಗಾಣ, ಆಂಧ್ರದವರೆಗೆ ನೂರಕ್ಕೂ ಹೆಚ್ಚು ಇವೆ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉತ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರೊಫೆಸರ್ ಪದ್ದಯ್ಯನವರು ವರ್ಷಗಟ್ಟಲೆ ಉತ್ಖನನ ಮಾಡಿದರು. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಾಯುತ್ತಿದ್ದ ಜನ ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿ ಅದು. ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಸಮಾಧಿಗಳಿವೆ. ಒಂದೊಂದು ಚಪ್ಪಡಿಯನ್ನು ಹೇಗೆ ಎತ್ತಿ ನಿಲ್ಲಿಸಿದರೋ ಎಂದು ನಾನು ಅರ್ಧ ದಿನ ಲೆಕ್ಕ ಹಾಕುತ್ತಾ ಕುಳಿತಿದ್ದೆ. ಇವರೇ ವಾನರರು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಕಿಷ್ಕಿಂಧೆ ಎಂದು ನಾವು ಕೈ ತೋರಿಸುವ ನೆಲದಲ್ಲಿ ನಿಜವಾಗಿ ಬದುಕಿ ದುಡಿದ ಮನುಷ್ಯರಿದ್ದರು, ಅವರ ಬೂದಿಗೂ ನಾವು ಕಥೆಯವರ ಹೆಸರು ಕೊಟ್ಟು ಸುಮ್ಮನಾಗಿದ್ದೇವೆ ಎಂದಷ್ಟೇ ನನ್ನ ಮಾತು.

ಎರಡು ಅಳತೆಗೋಲು ಎಂದೆನಲ್ಲ, ಅದನ್ನು ನಾನು ಮೊದಲು ಕಂಡದ್ದು ರಾಮಾಯಣದಲ್ಲಿ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಡಂಚಿನಲ್ಲಿ ಒಂದು ಕೆರೆಯ ಯೋಜನೆಗೆ ಮುಳುಗಡೆ ಪ್ರದೇಶದ ಸರ್ವೆಗೆ ಹೋಗಿದ್ದೆ. ಲೆವೆಲ್ ಹಿಡಿದು ನೀರಿನ ಗೆರೆ ಎಲ್ಲಿಗೆ ಬರುತ್ತದೆ ಎಂದು ಗುರುತು ಹಾಕುತ್ತಾ ಹೋದರೆ ಗೆರೆಯೊಳಗೆ ಒಂದು ಹಾಡಿ ಬಂತು. 22 ಗುಡಿಸಲು. ನಕ್ಷೆಯ ಮೇಲೆ ಗುರುತು ಮಾಡಿದೆ. ಪರಿಹಾರದ ಪಟ್ಟಿ ಬಂದಾಗ ಕೆಳಗಿನ ಊರಿನ ಮನೆಗಳಿದ್ದವು, ಪಂಪುಸೆಟ್ಟಿದ್ದವು, ತೆಂಗಿನ ಮರಗಳ ಎಣಿಕೆಯೂ ಇತ್ತು. ಹಾಡಿ ಇರಲಿಲ್ಲ. ಪಹಣಿ ಇಲ್ಲ, ಮನೆ ನಂಬರು ಇಲ್ಲ, ಆದ್ದರಿಂದ ಅಲ್ಲಿ ಯಾರೂ ಇಲ್ಲ. ನಾನು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ, ಅದು ಕಡತದಲ್ಲಿ ಉಳಿಯಿತು.

ಹಾಡಿಯ ಯಜಮಾನ ಒಬ್ಬ ಮುದುಕ. ಅವನು ನನಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಬುದ್ಧೀ, ಜೇನು ಕಿತ್ರೆ ಕೇಸು ಹಾಕಕ್ಕೆ ನನ್ನ ಹೆಸ್ರು, ನಮ್ಮಪ್ಪನ ಹೆಸ್ರು, ಎಲ್ಲಾ ಬರ್ಕೊಂಡ್ ಹೋಗವ್ರೆ. ದುಡ್ ಕೊಡೋ ಪಟ್ಟಿಗೆ ಮಾತ್ರ ನಾವು ಯಾರು ಅಂತಲೇ ಗೊತ್ತಿಲ್ವಂತೆ." ವಾಲಿಯ ಪ್ರಶ್ನೆಯನ್ನು ಮುಂದೆಂದೋ ಓದಿದಾಗ ನನಗೆ ಆ ಮುದುಕನ ದನಿಯೇ ಕೇಳಿಸಿತು.

ಕಳೆದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆದಿದ್ದರು. ರಾಮಾಯಣದ ರೂಪಕ, ಮಕ್ಕಳು ಬಹಳ ಚೆನ್ನಾಗಿ ಮಾಡಿದರು. ರಾಮ, ಲಕ್ಷ್ಮಣ, ಸೀತೆ ಊರಿನ ಮಕ್ಕಳು. ಬಾಲ ಕಟ್ಟಿಕೊಂಡು ಕುಣಿದ ಹದಿನೈದು ಮಕ್ಕಳಲ್ಲಿ ಹೆಚ್ಚಿನವರು ಹಾಸ್ಟೆಲಿನ ಹಾಡಿ ಮಕ್ಕಳು. ಯಾಕೆ ಹೀಗೆ ಎಂದು ಮೇಷ್ಟ್ರನ್ನು ಕೇಳಿದೆ. "ಅವರು ಚೆನ್ನಾಗಿ ನೆಗೀತಾರೆ ಸರ್" ಎಂದರು. ಕೆಟ್ಟ ಮನುಷ್ಯರಲ್ಲ, ಸಹಜವಾಗಿಯೇ ಹೇಳಿದರು. ಆ ಸಹಜತೆಯೇ ನನಗೆ ಕಷ್ಟವಾದದ್ದು.

ಶರಣರ ದಾರಿ ಇಲ್ಲಿ ಬೇರೆ ಎಂದು ಹೇಳಲು ನನಗೆ ಹೆಮ್ಮೆ. ಬಸವಣ್ಣನವರ ವಚನಗಳಲ್ಲೂ ಕೋತಿ ಬರುತ್ತದೆ, ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಆದರೆ ಅದು ಅವರ ಸ್ವಂತ ಮನಸ್ಸು. ಕೋತಿಯನ್ನು ತಮ್ಮೊಳಗೆ ಕಂಡರು, ಇನ್ನೊಂದು ಜನದ ಮೇಲೆ ಹೊರಿಸಲಿಲ್ಲ. ಬೇಡರ ಕಣ್ಣಪ್ಪ ಕಾಡಿನಲ್ಲಿ ಬೇಟೆಯಾಡಿದವನು, ಬಾಯಲ್ಲಿ ನೀರು ತಂದು ಲಿಂಗಕ್ಕೆ ಎರೆದವನು. ಹರಿಹರ ಅವನ ಮೇಲೆ ರಗಳೆ ಬರೆದ, ನಾವು ಅವನನ್ನು ಪುರಾತನರ ಸಾಲಿನಲ್ಲಿ ಕೂರಿಸಿದ್ದೇವೆ.

ಇನ್ನು ನಮ್ಮ ಮಲೆಯ ಮಾದಪ್ಪ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಆ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ಸಂಕಮ್ಮನ ಸಾಲು ಬರುತ್ತದೆ. ಸಂಕಮ್ಮ ಸೋಲಿಗರವಳು, ಗಂಡ ನೀಲೇಗೌಡ ಜೇನು ಕೀಳಲು ಕಾಡಿಗೆ ಹೋಗುವಾಗ ಹೆಂಡತಿಯ ಮೇಲೆ ಅನುಮಾನಪಟ್ಟು ಅವಳಿಗೆ ಕೊಡಬಾರದ ಹಿಂಸೆ ಕೊಡುತ್ತಾನೆ. ಮಾದೇಶ್ವರ ಅವಳ ಗುಡಿಸಲಿಗೆ ಬರುತ್ತಾನೆ, ಅವಳ ಕಷ್ಟ ಕೇಳುತ್ತಾನೆ, ಅವಳಿಗೆ ಕಾರಯ್ಯ ಬಿಲ್ಲಯ್ಯ ಎಂಬ ಅವಳಿ ಮಕ್ಕಳಾಗುತ್ತಾರೆ. ಗಮನಿಸಿ, ಕಾಡಿನವರಿಗೆ ಅಲ್ಲಿ ಸ್ವಂತ ಹೆಸರಿದೆ, ಕುಲದ ಹೆಸರಿದೆ, ಮಕ್ಕಳ ಹೆಸರಿದೆ. ನೀಲೇಗೌಡ ತಪ್ಪು ಮಾಡಿದ್ದಾನೆ, ಆದರೆ ಮನುಷ್ಯನಾಗಿ ತಪ್ಪು ಮಾಡಿದ್ದಾನೆ, ಮನುಷ್ಯನಾಗಿಯೇ ಅದರ ಫಲ ಉಣ್ಣುತ್ತಾನೆ. ಯಾರಿಗೂ ಬಾಲವಿಲ್ಲ.

ಕಾನೂನು ತಡವಾಗಿಯಾದರೂ ಒಂದು ಕೋಲಿಗೆ ಬಂದಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪೀಠಿಕೆಯಲ್ಲೇ, ಕಾಡಿನಲ್ಲಿ ಬಾಳಿದವರಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಎಂದು ಒಪ್ಪಿಕೊಂಡಿದ್ದಾರೆ. 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಸಾಗುವಳಿ ಮಾಡುತ್ತಿದ್ದ ಬುಡಕಟ್ಟಿನ ಕುಟುಂಬಕ್ಕೆ 4 ಹೆಕ್ಟೇರ್ ಮಿತಿಯೊಳಗೆ ಹಕ್ಕು ಸಿಗಬಹುದು. ಸಮುದಾಯದ ಹಕ್ಕು ಬೇರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಪಹಣಿ ಇಲ್ಲದವರಿಗೆ ಈ ಕಾಯಿದೆಯಲ್ಲಿ ಒಂದು ಒಳ್ಳೆಯ ದಾರಿ ಇದೆ: ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೆ ಅದೂ ಸಾಕ್ಷ್ಯ. ಆ ಹೇಳಿಕೆ ಬರೆದುಕೊಳ್ಳುವವರೇ ಸಿಗುತ್ತಿಲ್ಲ. ನಮ್ಮ ಮಠದ ಸುತ್ತಿನ ಹಾಡಿಗಳಲ್ಲಿ ಎಪ್ಪತ್ತು ಎಂಬತ್ತು ದಾಟಿದವರು ಇನ್ನು ಕೆಲವರೇ ಉಳಿದಿದ್ದಾರೆ. ಅವರು ಹೋದರೆ ಸಾಕ್ಷ್ಯವೂ ಹೋಯಿತು.

ಸ್ವಾಮೀಜಿಯವರ ಅಪ್ಪಣೆ ಪಡೆದಿದ್ದೇನೆ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಮಠದ ಜೀಪು ಹೊರಡುತ್ತದೆ. ನಕ್ಷೆ ಬರೆಯುವ ಕೆಲಸ ನಾನು ಮಾಡುತ್ತೇನೆ, ಅದಕ್ಕೆ ಯಾರೂ ಬೇಡ. ಕೈಬರಹ ಚೆನ್ನಾಗಿರುವ, ಮುದುಕರ ಮಾತನ್ನು ಮಧ್ಯೆ ಬಾಯಿ ಹಾಕದೆ ಕೇಳುವ ನಾಲ್ಕೈದು ಜನ ಬೇಕು. ಅಕ್ಕನ ಬಳಗದವರು ಬಂದರೆ ಹೆಂಗಸರು ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಅರ್ಜಿಯ ನಮೂನೆಗಳನ್ನು ದಾಸೋಹ ಮನೆಯ ಬಾಗಿಲ ಹತ್ತಿರ ಮೇಜಿನ ಮೇಲೆ ಇಟ್ಟಿದ್ದೇನೆ, ಪ್ರಸಾದ ಮುಗಿಸಿ ಬರುವಾಗ ಹೆಸರು ಬರೆಸಿ.